ಹಗೇವಿಗೆ ಇಳಿಸಿದ ದೀಪ

ಶಿವದೇವಿಯವರ ಕಿವಿಯ ಸಂಗತಿ ಲಿಂಗಂಪಲ್ಲಿಯ ಅವರ ಓಣಿಯಲ್ಲಿ ಎಲ್ಲರಿಗೂ ಗೊತ್ತು. ಮೂವತ್ತೆಂಟು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಬಂದ ಕಿವಿ ಅದು. ಫೋನೆತ್ತಿದವರು ಹಲೋ ಅನ್ನುವ ಮೊದಲು ಒಂದು ಉಸಿರು ಎಳೆದುಕೊಳ್ಳುತ್ತಾರಲ್ಲ, ಆ ಉಸಿರಿನಲ್ಲೇ ಆ ಕಡೆ ಯಾರೆಂದು ಹೇಳಿಬಿಡುತ್ತಾರೆ. ಕುಕ್ಕರಿನಲ್ಲಿ ನೀರು ಕಮ್ಮಿಯಾದದ್ದು, ಮೇಲಿನ ಮನೆಯ ನಲ್ಲಿ ಸೋರುತ್ತಿರುವುದು, ಎಲ್ಲ ಮೊದಲು ಅವರಿಗೇ ಕೇಳುತ್ತದೆ. ಆದರೆ ಮಾತಾಡುತ್ತಿದ್ದವರು ನಡುವೆ ಒಂದು ಗಳಿಗೆ ಸುಮ್ಮನಾದರೆ ಮಾತ್ರ ಅವರಿಂದ ತಡೆಯಲಾಗುವುದಿಲ್ಲ.

"ಮಾತಾಡ್ರಿ, ಯಾಕ ಸುಮ್ನಾದ್ರಿ? ಏನಾರ ಅನ್ರಿ," ಎಂದು ಗಾಬರಿಯಾಗುತ್ತಾರೆ.

"ಅತ್ತಿಯವ್ರ ಮುಂದ ಜಪ ಮಾಡಾಕ ಕುಂತ್ರೂ ಡಾಕ್ಟರ್‌ನ ಕರಸ್ತಾರ ನೋಡ್ರಿ," ಎಂದು ಅಣ್ಣನ ಸೊಸೆ ಕಾವ್ಯಾ ನಗಾಡುವುದುಂಟು. ಅವರೂ ನಗುತ್ತಾರೆ. ಆ ಗಾಬರಿ ಎಲ್ಲಿಂದ ಬಂತೆಂದು ಐವತ್ತೈದು ವರ್ಷದಲ್ಲಿ ಯಾರೂ ಕೇಳಲಿಲ್ಲ. ಅವರೂ ಹೇಳಲಿಲ್ಲ.

ಅದು ಬಂದದ್ದು ಒಂದು ಕಲ್ಲಿನ ಮನೆಯಿಂದ.

ಜಹೀರಾಬಾದಿನಿಂದ ಎಂಟು ಕಿಲೋಮೀಟರ್ ಒಳಗೆ, ಗುಂಡಳ್ಳಿ ಎಂಬ ಹಳ್ಳಿಯ ಹೊಲದ ನಡುವೆ ಆ ಮನೆಯಿದೆ. ಎರಡೂವರೆ ಅಡಿ ದಪ್ಪದ ಗೋಡೆ, ಮಣ್ಣಿನ ಮಾಳಿಗೆ, ಮಾಳಿಗೆಯಲ್ಲೊಂದು ಬೆಳಕಿಂಡಿ. ಪಡಸಾಲೆಯ ನೆಲಕ್ಕೆ ಫರಸಿ ಕಲ್ಲು. ಆ ಫರಸಿಯ ಕೆಳಗೆ ಒಂದು ಹಗೇವು. ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ. ಹೊಟ್ಟೆ ಮಾತ್ರ ದೊಡ್ಡ ಗಡಿಗೆಯ ಹಾಗೆ ಅಗಲ, ಎರಡಾಳು ಆಳ.

ಶಿವದೇವಿ ಒಂಬತ್ತು ವರ್ಷದವರಾಗುವ ತನಕ ಅಲ್ಲಿ ಬೆಳೆದರು. ಆಮೇಲೆ ಅವರಪ್ಪ ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಕೆಲಸ ಹಿಡಿದು ಎಲ್ಲರನ್ನೂ ಹೈದರಾಬಾದಿಗೆ ಕರೆತಂದರು. ಹೊಲ ಪಾಲಿಗೆ ಹೋಯಿತು, ಮನೆಗೆ ಬೀಗ ಬಿತ್ತು. ಶಿವದೇವಿ ಮದುವೆಯಾಗಲಿಲ್ಲ. ಅಣ್ಣ ಸೂರ್ಯಕಾಂತನ ಹೆಂಡತಿ ತೀರಿಕೊಂಡಾಗ ಮೂರು ವರ್ಷದ ಬಸವಕಿರಣನನ್ನು ತಮ್ಮ ಮಡಿಲಿಗೆ ಹಾಕಿಕೊಂಡರು. ಡ್ಯೂಟಿ ಮುಗಿಸಿ ಬಂದು ಅವನಿಗೆ ಉಣ್ಣಿಸಬೇಕು. ಅವನೋ ತುತ್ತಿಗೊಂದು ಕತೆ ಕೇಳುವವನು. ಹಾಗೆ ಹುಟ್ಟಿದ್ದು ಜೋಳದವ್ವನ ಕತೆ.

"ನಮ್ಮ ಮನ್ಯಾಗ ನೆಲದ ಕೆಳಗ ಒಂದು ಮನಿ ಐತಿ. ಅದರಾಗ ಜೋಳದವ್ವ ಮಕ್ಕೊಂಡಿರ್ತಾಳ. ಕೇಳದ ಇಳದ್ರ ಆಕಿಗೆ ಸಿಟ್ಟು. ಅದಕ್ಕ ಮೊದಲ ಹಗ್ಗಕ್ಕ ದೀಪ ಕಟ್ಟಿ ಬಿಡಬೇಕು. ಬರ್ಲೇನವ್ವಾ ಅಂತ ಕೇಳಬೇಕು. ದೀಪ ಉರದ್ರ, ಬಾ ಮಗನ ಅಂದಂಗ. ಆರಿದ್ರ, ಆಕಿ ಇನ್ನಾ ಎದ್ದಿಲ್ಲ ಅಂದಂಗ. ಹಾಂ, ಬಾಯಿ ತೆಗಿ."

ಬಸವಕಿರಣ ಬಾಯಿ ತೆರೆಯುತ್ತಿದ್ದ. ಕತೆ ಅಲ್ಲಿಗೇ ಮುಗಿಯುತ್ತಿತ್ತು. ಮುಂದೆ ಏನಾಯಿತೆಂಬುದನ್ನು ಶಿವದೇವಿ ನುಂಗಿಬಿಡುತ್ತಿದ್ದರು. ಅಜ್ಜಿ ಆಣೆ ಹಾಕಿಸಿ ಹೋಗಿದ್ದಳು, ಆ ಹೆಸರುಗಳನ್ನು ಮನೆಯಲ್ಲಿ ಯಾರೂ ಎತ್ತಬಾರದೆಂದು.

ಆ ಹುಡುಗ ಈಗ ಮೂವತ್ತೆಂಟರ ಗೃಹಸ್ಥ. ಉಪ್ಪಲ್‌ನಲ್ಲಿ ಅವನದೊಂದು ಲೈಟಿನ ಅಂಗಡಿ. ಹೆಂಡತಿ ಕಾವ್ಯಾ ಶಾಲೆಯಲ್ಲಿ ಕಲಿಸುತ್ತಾಳೆ, ಮಗಳು ಪಿಂಕಿಗೆ ಎಂಟು ವರ್ಷ. ಹೋದ ಬೇಸಿಗೆಯ ಮೊದಲಿಗೆ ಅವನಿಗೆ ಕಲ್ಲಿನ ಮನೆಯ ಹುಚ್ಚು ಹಿಡಿಯಿತು. ರವಿವಾರ ಹೋಗಿ ಕೂಡಲು ನಮ್ಮದೇ ಒಂದು ತಂಪು ಜಾಗ ಇರಲಿ ಎಂಬುದು ಅವನ ಆಸೆ. ಜಹೀರಾಬಾದಿನ ಗೌಂಡಿ ಶ್ರೀನಿವಾಸನನ್ನು ಗೊತ್ತು ಮಾಡಿದ. ಉಬ್ಬಿದ ಗೋಡೆ ಬಿಚ್ಚಿ ಮತ್ತೆ ಕಟ್ಟಿಸಿದ, ಗೆದ್ದಲು ತಿಂದ ತೊಲೆ ಬದಲಿಸಿದ, ಮಾಳಿಗೆಗೆ ಹೊಸ ಮಣ್ಣು ಹಾಕಿಸಿದ. ವಾರಕ್ಕೊಮ್ಮೆ ಬಂದು ಅತ್ತೆಗೆ ಫೋಟೋ ತೋರಿಸುತ್ತಿದ್ದ.

"ಗ್ವಾಡಿ ಮಾಡ್ಸು, ಮಾಳಗಿ ಮಾಡ್ಸು. ಪಡಸಾಲಿ ಫರಸಿ ಮಾತ್ರ ಮುಟ್ಟಬ್ಯಾಡಪಾ," ಎಂದರು ಶಿವದೇವಿ.

"ಯಾಕತ್ತಿ?"

"ಹಳೇವು. ಚಂದ ಅದಾವು."

"ಚಂದ ಎಲ್ಲಿ, ಒಂದು ಮ್ಯಾಲ ಒಂದು ಕೆಳಗ. ಮೊನ್ನೆ ಪಿಂಕಿ ಎಡವಿ ಬಿದ್ಲು."

ಆಗ ಹೇಳಬೇಕಿತ್ತು. ನಾಲಗೆಯ ತುದಿಗೆ ಬಂದದ್ದೂ ನಿಜ. ಇನ್ನೊಮ್ಮೆ ಯುಗಾದಿಯ ದಿನ, ಮತ್ತೊಮ್ಮೆ ಅವನು ಸ್ಕೂಟರ್ ಹತ್ತುವಾಗ ಬಂತು. ಮೂರು ಸಲವೂ ಅಜ್ಜಿಯ ಕೈ ಬಂದು ಬಾಯಿ ಮುಚ್ಚಿದಂತಾಯಿತು. ಅಣ್ಣನೂ ತೀರಿಕೊಂಡ ಮೇಲೆ ಹಗೇವಿನ ಬಾಯಿ ಎಲ್ಲಿದೆಯೆಂದು ತನಗೊಬ್ಬಳಿಗೇ ಗೊತ್ತು, ಫರಸಿ ಎಬ್ಬಿಸದಿದ್ದರೆ ಅದು ಇನ್ನು ನೂರು ವರ್ಷ ಹಾಗೇ ಮಲಗಿರುತ್ತದೆ ಎಂದು ಸಮಾಧಾನ ಮಾಡಿಕೊಂಡರು.

ಮೇ ತಿಂಗಳ ಒಂದು ಗುರುವಾರ, ಹತ್ತೂ ಐವತ್ತಕ್ಕೆ, ಅವರು ಸೊಪ್ಪು ಸೋಸುತ್ತ ಕೂತಿದ್ದಾಗ ಫೋನಿಗೆ ಒಂದು ವಿಡಿಯೊ ಬಂತು.

ಮೊದಲು ಕಂಡದ್ದು ಪಡಸಾಲೆಯ ಮೂಲೆ, ಎಬ್ಬಿಸಿ ಗೋಡೆಗೆ ಆನಿಸಿದ್ದ ಫರಸಿ. ಆಮೇಲೆ ಕಪ್ಪು ಬಾಯಿ. ಅದರ ಅಂಚಿಗೆ ಕುಂಕುಮ ಹಚ್ಚಿ ಎರಡು ಹೂವು ಇಟ್ಟಿದ್ದ. ಬಸವಕಿರಣನ ದನಿಯಲ್ಲಿ ಹಿಗ್ಗು ತುಂಬಿತ್ತು.

"ಅತ್ತೀ, ನಿನ್ನ ಜೋಳದವ್ವ ಸಿಕ್ಕಳು ನೋಡು. ಫರಸಿ ಸಾಫ್ ಮಾಡೋಣಂತ ಶ್ರೀನಿವಾಸ ಹಾರಿ ಹಾಕಿದ್ರ ಪೊಳ್ಳು ಸಪ್ಪಳ ಬಂತು. ನೀ ಹೇಳಿದಂಗ ದೀಪ ಇಳಸಾಕತ್ತೀನಿ."

ಹಗ್ಗದ ತುದಿಗೆ ಅವನಂಗಡಿಯ ಚಾರ್ಜಿಂಗ್ ಲೈಟು ತೂಗುತ್ತಿತ್ತು. ಬೆಳ್ಳಗೆ, ಕಣ್ಣು ಕುಕ್ಕುವ ಹಾಗೆ. ಅದು ಇಳಿಯುತ್ತ ಇಳಿಯುತ್ತ ಹಗೇವಿನ ಗೋಡೆಯನ್ನೆಲ್ಲ ಬೆಳಗಿತು. ತಳದಲ್ಲಿ ಕರ್ರಗೆ ಕೊಳೆತು ಹೆಪ್ಪುಗಟ್ಟಿದ ಜೋಳ. ಹಗ್ಗ ಒಂದು ಮೊಳ ಸಾಲದೆ ಬಂತು, ಅವನು ಕೈಬಿಟ್ಟ. ದೀಪ ಧೊಪ್ಪೆಂದು ತಳ ಮುಟ್ಟಿ, ಹಾಗೇ ನೆಟ್ಟಗೆ ಕೂತು ಉರಿಯಿತು.

"ಬರ್ಲೇನವ್ವಾ ಜೋಳದವ್ವಾ?" ಎಂದು ಅವನು ಕೇಳಿದ. ಒಂದು ಗಳಿಗೆ ಕಾದ. "ಆರಲಿಲ್ಲ ನೋಡತ್ತಿ. ಬಾ ಅಂದ್ಳು. ಶ್ರೀನಿವಾಸ ಊರಾಗಿಂದ ನಿಚ್ಚಣಿಕಿ ತರಾಕ ಹೋಗ್ಯಾನ. ಬಂದ ಕೂಡ್ಲೆ ಇಳಿದು, ಕೆಳಗಿಂದ ಇನ್ನೊಂದು ವಿಡಿಯೊ ಕಳಸ್ತೀನಿ."

ಸೊಪ್ಪಿನ ಬುಟ್ಟಿ ಶಿವದೇವಿಯವರ ತೊಡೆಯಿಂದ ಜಾರಿತು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಆಗಲೇ ನಾಲ್ಕು ಜನ ಕೈ ಮುಗಿದ ಚಿತ್ರ ಹಾಕಿದ್ದರು.

ಫೋನ್ ಹಚ್ಚಿದರು. ಹತ್ತಲಿಲ್ಲ. ಆ ಗೋಡೆಗಳೊಳಗೆ ಸಿಗ್ನಲ್ ಹೋಗುವುದಿಲ್ಲ. ಅವನು ಮಾಳಿಗೆ ಹತ್ತಿ ವಿಡಿಯೊ ಕಳಿಸಿ ಮತ್ತೆ ಒಳಗೆ ಹೋಗಿದ್ದಾನೆ. "ಇಳೀಬ್ಯಾಡ" ಎಂದು ಬರೆದು ಕಳಿಸಿದರು. ಅದರ ಪಕ್ಕ ಒಂದೇ ಟಿಕ್ ಬಿತ್ತು, ಮುಟ್ಟಿತೆಂದು ತೋರಿಸುವ ಎರಡನೆಯದು ಬೀಳಲಿಲ್ಲ. ಕಾವ್ಯಾಳಿಗೆ ಹಚ್ಚಿದರು.

"ಶ್ರೀನಿವಾಸನ ನಂಬರ್ ಐತೇನವ್ವಾ?"

"ಅವ್ರ ಹತ್ರಾನ ಐತ್ರಿ. ಯಾಕ್ರೀ ಅತ್ತಿ? ದೀಪ ಚಲೋ ಉರದೈತಲ್ಲ."

"ಅದು ಆರೂ ದೀಪ ಅಲ್ಲವ್ವಾ ಕಾವ್ಯಾ," ಎಂದರು ಶಿವದೇವಿ. "ಅದು ಸುಡುಗಾಡಿನ್ಯಾಗ ಇಟ್ರೂ ಉರೀತೈತಿ. ನೀರಾಗ ಇಟ್ರೂ ಉರೀತೈತಿ. ಬೆಂಕಿ ಬೇಕಾಗಿತ್ತು, ಉಸಿರಾಡೂ ಬೆಂಕಿ. ಕೆಳಗ ಗಾಳಿ ಇರಂಗಿಲ್ಲ."

ಆ ಕಡೆ ಕಾವ್ಯಾ ಸುಮ್ಮನಾದಳು.

"ಮಾತಾಡವ್ವಾ."

"ನೀವು ಹೊರಡ್ರಿ ಅತ್ತಿ," ಎಂದಳು ಕಾವ್ಯಾ. ದನಿ ಬದಲಾಗಿತ್ತು. "ನಾ ಫೋನ್ ಹಚ್ಕೋತ ಇರ್ತೀನಿ. ಪೊಲೀಸ್ರಿಗೂ ಹೇಳ್ತೀನಿ. ಯಾರಾರ ಮೊದಲ ಮುಟ್ಲಿ."

ದೇವರ ಮುಂದಿನ ಹಣತೆ, ಬತ್ತಿ, ಎಣ್ಣೆಯ ಸಣ್ಣ ಬಾಟಲಿ, ಕಡ್ಡಿಪೆಟ್ಟಿಗೆ ಚೀಲಕ್ಕೆ ಹಾಕಿಕೊಂಡು ಶಿವದೇವಿ ಕೆಳಗಿಳಿದರು. ಎರಡು ಕ್ಯಾಬು ಒಪ್ಪಿ ರದ್ದಾದವು. ಅಷ್ಟು ದೂರ ಯಾರಿಗೂ ಬೇಡ. ಅಷ್ಟರಲ್ಲಿ ಜಹೀರಾಬಾದಿನ ಬಸ್ಸು ಬಂತು. ಕಂಡಕ್ಟರ್ ಹೆಂಗಸರಿಗೆ ಕೊಡುವ ಸೊನ್ನೆ ಟಿಕೆಟ್ ಹರಿದು ಕೈಗಿತ್ತ. ಅದನ್ನು ಮುದ್ದೆ ಮಾಡಿ ಹಿಡಿದುಕೊಂಡು ಕಿಟಕಿಯ ಪಕ್ಕ ಕೂತರು. ಬಸ್ಸು ಪಟಾಂಚೆರುವಿನಲ್ಲಿ ನಿಂತಿತು, ಸಂಗಾರೆಡ್ಡಿಯಲ್ಲಿ ನಿಂತಿತು. ಪ್ರತಿ ಸಲ ಯಾರೋ ಮಾವಿನಹಣ್ಣಿನ ಬುಟ್ಟಿ ಏರಿಸುತ್ತಿದ್ದರು, ಯಾರೋ ಚೌಕಾಸಿ ಮಾಡುತ್ತಿದ್ದರು. ಹತ್ತು ನಿಮಿಷಕ್ಕೊಮ್ಮೆ ಕಾವ್ಯಾಳ ಫೋನು. "ಇನ್ನಾ ಹತ್ತವಲ್ತು ಅತ್ತಿ. ಪೊಲೀಸ್ರು ನೋಡ್ತೀವಿ ಅಂತಾರ, ಯಾರೂ ಹೊಂಟಿಲ್ಲ."

ಇಷ್ಟು ವರ್ಷ ದೂರ ತಳ್ಳಿದ್ದೆಲ್ಲ ಆ ಬಸ್ಸಿನಲ್ಲಿ ಬಂದು ಅವರ ಪಕ್ಕಕ್ಕೆ ಕೂತಿತು.

ಆಗ ಶಿವದೇವಿಯವರಿಗೆ ಒಂಬತ್ತು ವರ್ಷ. ಹಗೇವು ತೆಗೆದಾಗಲೆಲ್ಲ ದೀಪ ಇಳಿಸುವ ಕೆಲಸ ಅವರದು, ಕೈ ನಡುಗುವುದಿಲ್ಲವೆಂದು. ಡಬ್ಬಿಯೊಳಗೆ ಹಣತೆ ಇಟ್ಟು, ಡಬ್ಬಿಗೆ ಹಗ್ಗ ಕಟ್ಟಿ ಬಿಡುವುದು. ಆ ಸಲ ಬಿತ್ತನೆಯ ಆಳುಗಳಿಗೆ ಜೋಳ ಅಳೆಯಬೇಕಿತ್ತು. ಮೊದಲ ದಿನ ದೀಪ ಆರಿತು. "ನಾಳಿ ನೋಡೋಣ," ಎಂದ ಅಪ್ಪನ ತಮ್ಮ ಸಿದ್ದರಾಮಪ್ಪ ಕಾಕಾ. ಎರಡನೆಯ ದಿನವೂ ಆರಿತು. ಮನೆಯಲ್ಲಿ ದುಡಿಯುತ್ತಿದ್ದ ಅಮರಯ್ಯ ನಕ್ಕ. "ಹುಡುಗಿ ಹಗ್ಗ ಅಲಗಾಡಿಸ್ತಾಳ, ಆರ್ತೈತಿ. ಜನ ಕಾಯಾಕತ್ತಾರ ಅಲ್ಲಿ." ಬುಟ್ಟಿ ಹಿಡಿದು ಇಳಿದೇಬಿಟ್ಟ.

ಎರಡು ಬೊಗಸೆ ಜೋಳ ಬುಟ್ಟಿಗೆ ಹಾಕಿದ. ಆಮೇಲೆ ದಣಿದವರು ಕೂಡುವ ಹಾಗೆ ಗೋಡೆಗೆ ಆನಿಕೊಂಡು ಕೂತ.

"ಯಾಕೋ ಅಮರಯ್ಯಾ, ಕುಂತಿ?" ಎಂದ ಕಾಕಾ. ಅವನು ಮಾತಾಡಲಿಲ್ಲ. ಕಾಕಾ ಇಳಿದ. ಅಮರಯ್ಯನ ರಟ್ಟೆ ಹಿಡಿದು ಎತ್ತಲು ಬಗ್ಗಿದ, ಬಗ್ಗಿದವನು ಮೆಲ್ಲಗೆ ಅವನ ಪಕ್ಕದಲ್ಲೇ ಕೂತ. ಇಬ್ಬರೂ ಕೂಗಲಿಲ್ಲ. ಒಂದು ನರಳಿಕೆ ಕೂಡ ಬರಲಿಲ್ಲ. ಆರಿದ ದೀಪದ ಹಗ್ಗ ಹಿಡಿದು ಮೇಲೆ ಕೂತಿದ್ದ ಹುಡುಗಿ, ಈಗ ಮಾತಾಡುತ್ತಾರೆ, ಈಗ ಮಾತಾಡುತ್ತಾರೆ ಎಂದು ಕಾಯುತ್ತಲೇ ಇದ್ದಳು. ಅಡುಗೆಮನೆಯಿಂದ ಅಜ್ಜಿ ಬರುವ ತನಕ ಕಾದಳು. ಆ ಜೋಳವನ್ನು ಯಾರೂ ಉಣ್ಣಲಿಲ್ಲ. ಅದು ಒಳಗಿದ್ದ ಹಾಗೇ ಮೇಲೆ ಕಲ್ಲು ಎಳೆದರು.

ಜಹೀರಾಬಾದಿನಲ್ಲಿ ಆಟೋ ಹಿಡಿದು ಗುಂಡಳ್ಳಿಯ ಹೊಲದ ದಾರಿಗೆ ಬರುವಾಗ ಒಂದೂವರೆ ದಾಟಿತ್ತು. ಆಟೋದವನು ಹಳ್ಳದ ಈಚೆಯೇ ನಿಂತ. ಅಲ್ಲಿಂದ ನಡೆದರು. ಬಿಸಿಲಿಗೆ ಮನೆಯ ಕಲ್ಲುಗಳು ಹೊಸದಾಗಿ ತೊಳೆದ ಹಾಗೆ ಕಾಣುತ್ತಿದ್ದವು. ಚಂದ ಮಾಡಿಸಿದ್ದಾನೆ ಎಂದು ಆ ಸಂಕಟದಲ್ಲೂ ಮನಸ್ಸು ಅಂದಿತು. ಆಮೇಲೆ ಕಿವಿಗೊಟ್ಟರು.

ಕೆಲಸ ನಡೆಯುತ್ತಿರುವ ಮನೆಯಲ್ಲಿ ಉಳಿಯ ಸಪ್ಪಳ ಇರಬೇಕು. ಗಾರೆ ಕಲಸುವ ಸಪ್ಪಳ, ಇಲ್ಲವೇ ಯಾರದೋ ಫೋನಿನಲ್ಲಿ ತೆಲುಗು ಹಾಡು. ಏನೂ ಇರಲಿಲ್ಲ.

"ಬಸವಾ," ಎಂದು ಬಾಗಿಲಲ್ಲೇ ಕೂಗಿದರು. ದಪ್ಪ ಗೋಡೆ ಆ ದನಿಯನ್ನು ತಿಂದುಬಿಟ್ಟಿತು.

ಪಡಸಾಲೆಯ ಮೂಲೆಯಲ್ಲಿ ನಿಚ್ಚಣಿಕೆಯ ಎರಡು ಕೊಂಬು ಹಗೇವಿನ ಬಾಯಿಂದ ಹೊರಗೆ ಚಾಚಿದ್ದವು. ಪಕ್ಕದಲ್ಲಿ ಬಸವಕಿರಣನ ಚಪ್ಪಲಿ. ಅದರ ಮೇಲೆ ಅವನ ಫೋನು. ಶಿವದೇವಿ ಮೊಣಕಾಲೂರಿ ಬಗ್ಗಿದರು. ತಳದಲ್ಲಿ ಆ ದೀಪ ಬೆಳ್ಳಗೆ ಉರಿಯುತ್ತಿತ್ತು. ಅದರ ಸುತ್ತ ಕರಿ ಜೋಳ ಕಂಡಿತು. ಆದರೆ ಹಗೇವಿನ ಹೊಟ್ಟೆ ಅಗಲ. ತಾವು ಬಗ್ಗಿದ ಕಡೆಯ ಗೋಡೆಗೇ ಆನಿಕೊಂಡು ಕೂತವರು ಮೇಲಿನಿಂದ ಕಾಣುವುದಿಲ್ಲ.

"ಬಸವಾ. ಏನಾರ ಅನ್ನೋ."

ಅವರ ದನಿಯೇ ಒಂದು ಸುತ್ತು ಹಾಕಿ ವಾಪಸು ಬಂತು.

ಎಲ್ಲ ಗೊತ್ತಿತ್ತು ಅವರಿಗೆ. ಆ ಊರಿನಲ್ಲಿ ಅವರಷ್ಟು ಗೊತ್ತಿದ್ದವರು ಬೇರೆ ಯಾರೂ ಇರಲಿಲ್ಲ. ಆದರೂ ಕೈ ಹೋಗಿ ನಿಚ್ಚಣಿಕೆಯ ಕೊಂಬು ಹಿಡಿಯಿತು, ಬಲಗಾಲು ಮೊದಲ ಮೆಟ್ಟಿಲು ಹುಡುಕಿತು. ಕಾಕಾ ಯಾಕೆ ಇಳಿದನೆಂದು ಐವತ್ತೈದು ವರ್ಷ ಕೇಳಿಕೊಂಡ ಪ್ರಶ್ನೆಗೆ ಅವರ ಕಾಲೇ ಉತ್ತರ ಹೇಳುತ್ತಿತ್ತು. ಕಾಲು ಮೆಟ್ಟಿಲ ಮೇಲೆ ಊರಿತು.

ಆಗ ಬೆನ್ನ ಹಿಂದೆ ಯಾರೋ ಉಸಿರು ಎಳೆದುಕೊಂಡರು. ಮಾತಿಗೆ ಮೊದಲು ಎಳೆದುಕೊಳ್ಳುವ ಉಸಿರು. ಮಾತು ಹೊರಡುವ ಮೊದಲೇ ಶಿವದೇವಿಯವರ ಕಣ್ಣಲ್ಲಿ ನೀರು ಬಂತು.

"ಅತ್ತೀ? ನೀ ಯಾವಾಗ ಬಂದಿ? ಅಯ್ಯ, ನೀನ ಇಳ್ಯಾಕ ನಿಂತಿಯಲ್ಲ," ಎಂದ ಬಸವಕಿರಣ. ಮುಖದಿಂದ ನೀರು ತೊಟ್ಟಿಕ್ಕುತ್ತಿತ್ತು, ಬರಿಗಾಲಲ್ಲಿದ್ದ.

ಅವರು ಕಾಲು ಮೇಲಕ್ಕೆಳೆದುಕೊಂಡು ಅಲ್ಲೇ ಕೂತರು. ಅವನ ಕೈ ಹಿಡಿದುಕೊಂಡರು, ಬಿಡಲಿಲ್ಲ.

"ಇಳದಿದ್ದಿ?"

"ನಿಚ್ಚಣಿಕಿ ಸಿಗೂದ ತಡ ಆತು. ಈಗ ಏಳೆಂಟು ಮೆಟ್ಲು ಇಳದಿದ್ದೆ. ನಿಚ್ಚಣಿಕಿ ಅಲಗಾಡಾಕತ್ತು, ಶ್ರೀನಿವಾಸ ಬೈದು ಮ್ಯಾಲ ಕರದ. ಕಟ್ಟಾಕ ತಂತಿ ತರಾಕ ಹೋಗ್ಯಾನ. ನನಗ್ಯಾಕೋ ತಲಿ ಜಡ ಆತು, ಬೋರಿನ ಹಂತ್ಯಾಕ ಮುಖ ತೊಳ್ಕೊಂಡು ಬಂದೆ. ಬಿಸಿಲಿಗಿರಬೇಕು."

"ಬಿಸಿಲಿಗಲ್ಲ."

"ದೀಪ ನೋಡತ್ತಿ, ಮೂರು ತಾಸಾತು. ಇನ್ನಾ—"

"ಇನ್ನೊಂದು ಹಗ್ಗ ತಾ," ಎಂದರು ಶಿವದೇವಿ.

ಗಾರೆಯವರ ಒಂದು ಖಾಲಿ ಡಬ್ಬಿ ಸಿಕ್ಕಿತು. ಅದರೊಳಗೆ ಹಣತೆ ಇಟ್ಟು ಎಣ್ಣೆ ಹಾಕಿ ಬತ್ತಿ ಹಚ್ಚಿದರು. ಪಡಸಾಲೆಯಲ್ಲಿ ಗಾಳಿಯಿರಲಿಲ್ಲ, ಕುಡಿ ನೆಟ್ಟಗೆ ನಿಂತಿತು. ಹಗ್ಗ ಬಿಡತೊಡಗಿದರು. ಕೈ ಆಗ ನಡುಗುತ್ತಿರಲಿಲ್ಲ. ಈಗಲೂ ನಡುಗಲಿಲ್ಲ.

ಒಂದು ಮೊಳ. ಎರಡು ಮೊಳ. ಮೂರನೆಯ ಮೊಳಕ್ಕೆ ಕುಡಿ ಸಣ್ಣಗಾಯಿತು. ಅಲುಗಲಿಲ್ಲ, ಹೊಯ್ದಾಡಲಿಲ್ಲ. ಯಾರೋ ಚಿಟಿಕೆಯಲ್ಲಿ ಹಿಡಿದ ಹಾಗೆ ಕಿರಿದಾಗುತ್ತ ಬಂದು ಆರಿತು. ಬತ್ತಿಯ ಹೊಗೆ ಮೇಲಕ್ಕೆ ಏರಲಿಲ್ಲ; ನೀರಿನ ಮೇಲೆ ಎಣ್ಣೆ ಹರಡುವಂತೆ ಅಲ್ಲೇ ಚಪ್ಪಟೆಯಾಗಿ ಹರಡಿ ನಿಂತಿತು. ಅದರ ಕೆಳಗೆ ಅಂಗಡಿಯ ದೀಪ ಮಾತ್ರ ಮೊದಲಿನಷ್ಟೇ ಬೆಳ್ಳಗೆ ಉರಿಯುತ್ತಿತ್ತು.

ಎಳೆದು ಮತ್ತೆ ಹಚ್ಚಿದರು. ಮತ್ತೆ ಅಲ್ಲೇ ಆರಿತು. ಅಷ್ಟರಲ್ಲಿ ತಂತಿಯ ಸುರುಳಿ ಹೆಗಲಿಗೇರಿಸಿಕೊಂಡು ಶ್ರೀನಿವಾಸ ಬಂದ. "ಏಂ ಕಾದು ಅಮ್ಮಾ, ಏನೂ ಆಗಲ್ಲ, ನಿಚ್ಚಣಿಕೆ ಗಟ್ಟಿ ಮಾಡ್ತೀನಿ," ಎನ್ನುತ್ತಲೇ ಬಂದವನು ಮೂರನೆಯ ಸಲ ದೀಪ ಇಳಿಯುವುದನ್ನು ನೋಡಿದ. ಅದು ಆರಿತು. ಅವನು ತಂತಿ ಕೆಳಗಿಟ್ಟು, ಬಗ್ಗಿ, ನಿಚ್ಚಣಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆಳೆದುಬಿಟ್ಟ.

ಬಸವಕಿರಣ ದೀಪ ಆರಿದ ಆಳವನ್ನು ಹಗ್ಗದ ಮೇಲೆ ಬೆರಳಿನಿಂದ ಗುರುತು ಹಿಡಿದ. ಆ ಹಗ್ಗವನ್ನು ನಿಚ್ಚಣಿಕೆಯ ಪಕ್ಕ ಇಟ್ಟು ನೋಡಿದ. ತಾನು ನಿಂತಿದ್ದ ಮೆಟ್ಟಿಲು, ತನ್ನ ಎದೆ, ತನ್ನ ಗಂಟಲು, ಮೂಗು.

"ಇನ್ನೊಂದು ಮೆಟ್ಲು ಇಳದಿದ್ರ," ಎಂದ. "ಕತಿಯೊಳಗ ನೀ ಇದು ಹೇಳಿದ್ದಿಲ್ಲತ್ತಿ."

"ಹೇಳಿದ್ದಿಲ್ಲ," ಎಂದರು ಶಿವದೇವಿ. "ತಪ್ಪು ನಂದು. ಜೋಳದವ್ವ ಅಂತ ಯಾರೂ ಇಲ್ಲೋ. ಇಬ್ರು ಗಂಡಸರು ಇದ್ರು. ಅಮರಯ್ಯ, ಸಿದ್ದರಾಮಪ್ಪ ಕಾಕಾ."

ಹೆಸರು ಹೇಳಿದ ಮೇಲೆ ಉಳಿದದ್ದು ತಾನಾಗಿ ಬಂತು. ಆ ಹಗೇವಿನ ದಂಡೆಯಲ್ಲೇ ಕೂತು ಎಲ್ಲ ಹೇಳಿದರು. ಬುಟ್ಟಿಗೆ ಬಿದ್ದ ಎರಡು ಬೊಗಸೆ ಜೋಳದಿಂದ ಹಿಡಿದು ಅಜ್ಜಿಯ ಆಣೆಯ ತನಕ. ಬಸವಕಿರಣ ಕೇಳುತ್ತ ಕೇಳುತ್ತ ದಂಡೆಯಿಂದ ಹಿಂದೆ ಹಿಂದೆ ಸರಿದು ಗೋಡೆಗೆ ಹೋಗಿ ಆನಿಕೊಂಡ. ಹಾಗೆ ಗೋಡೆಗೆ ಆನಿಕೊಂಡದ್ದನ್ನು ನೋಡಲಾರದೆ ಶಿವದೇವಿ, "ಏಳು, ಹೊರಗ ನಡಿ. ಕಾವ್ಯಾಗ ಫೋನ್ ಹಚ್ಚು," ಎಂದು ಎಬ್ಬಿಸಿದರು. ಬಾಗಿಲ ಹೊರಗೆ ನಿಂತು ಅವನು ಫೋನ್ ಹಚ್ಚಿದ. ಆ ಕಡೆಯಿಂದ ಕಾವ್ಯಾಳ ಅಳು ಹತ್ತು ಮಾರು ದೂರಕ್ಕೆ ಕೇಳುತ್ತಿತ್ತು. ಶಿವದೇವಿಗೆ ಆ ಸದ್ದು ಹಿತವಾಗಿತ್ತು.

ಬಾಯಿಗೆ ಅಡ್ಡ ಎರಡು ಫರಸಿ ಎಳೆದು ಸಂಜೆ ಹೊರಟರು.

"ಅಮ್ಮಾ, ಲೈಟು?" ಎಂದ ಶ್ರೀನಿವಾಸ.

"ಇರ್ಲಿ ಬಿಡಪಾ. ಅದನ್ನ ತರಾಕ ಯಾರು ಇಳಿಯವ್ರು?"

ಫರಸಿಯ ಸಂದಿಯಿಂದ ಬೆಳಕಿನದೊಂದು ಗೆರೆ ಪಡಸಾಲೆಯ ತೊಲೆಯ ಮೇಲೆ ಬಿದ್ದಿತ್ತು.

ಒಂದು ಸಲ ಚಾರ್ಜ್ ಮಾಡಿದರೆ ಮೂವತ್ತು ತಾಸು ಗ್ಯಾರಂಟಿ ಎಂದು ಬಸವಕಿರಣ ಅದನ್ನು ಮಾರುತ್ತಿದ್ದ. ಮಾತು ಸುಳ್ಳಾಗಲಿಲ್ಲ. ಮರುದಿನ ಬೆಳಿಗ್ಗೆ ಎರಡು ಟ್ರ್ಯಾಕ್ಟರ್ ಮೊರಂ ಮಣ್ಣು ತರಿಸಿ ಫರಸಿ ಸರಿಸಿದಾಗ ಅದು ಇನ್ನೂ ಉರಿಯುತ್ತಿತ್ತು. ಮೊದಲ ಬುಟ್ಟಿ ಅವನೇ ಸುರಿದ. ಬೆಳಕು ಅಲುಗಲಿಲ್ಲ. ನಾಲ್ಕನೆಯ ಬುಟ್ಟಿಗೆ ಅರ್ಧ ಮುಚ್ಚಿತು, ಆರನೆಯದಕ್ಕೆ ಒಂದು ಚುಕ್ಕೆ ಉಳಿಯಿತು. ಆಮೇಲೆ ಕತ್ತಲು. ಶಿವದೇವಿ ಒಂದು ಮಣೆ ಹಾಕಿಕೊಂಡು ದೂರ ಕೂತಿದ್ದರು. ಮಣ್ಣು ಬೀಳುವ ಸದ್ದು ಮೊದಮೊದಲು ಆಳದಿಂದ ಬರುತ್ತಿತ್ತು. ತಾಸು ಕಳೆದಂತೆ ಮೇಲೆ ಮೇಲೆ ಬಂತು. ಕೊನೆಗೆ ನೆಲದ ಮೇಲೆ ಮಣ್ಣು ಬಿದ್ದ ಸದ್ದೇ ಆಯಿತು. ಅದು ಕೇಳಿದ ಮೇಲೆಯೇ ಅವರು ಒಂದು ಲೋಟ ನೀರು ಕುಡಿದರು.

ಮನೆ ಈಗ ಮುಗಿದಿದೆ. ರವಿವಾರ ಎಲ್ಲರೂ ಹೋಗುತ್ತಾರೆ. ಒಳಗೆ ಮೇ ತಿಂಗಳಲ್ಲೂ ತಂಪು. ಊಟಕ್ಕೆ ಕೂಡುವಾಗ ಪಡಸಾಲೆಯ ಆ ಒಂದು ಮೂಲೆ ಮಾತ್ರ ತಾನಾಗಿ ಖಾಲಿ ಉಳಿಯುತ್ತದೆ. ಪಿಂಕಿಗೆ ಶಿವದೇವಿಯೇ ಎರಡೂ ಹೆಸರು ಸಹಿತ ಎಲ್ಲ ಹೇಳಿದ್ದಾರೆ. ಆದರೂ ಮಕ್ಕಳ ಮನಸ್ಸು; ಅವಳಿಗೆ ಕುಂಟಾಟಕ್ಕೆ ಆ ಮೂಲೆಯ ಫರಸಿಯೇ ಬೇಕು. ಒಂಟಿಗಾಲಲ್ಲಿ ಮನೆಯಿಂದ ಮನೆಗೆ ಜಿಗಿಯುತ್ತಾಳೆ. ಶಿವದೇವಿ ಬೇಡವೆನ್ನುವುದಿಲ್ಲ. ಕೈಯಲ್ಲಿದ್ದ ಕೆಲಸ ನಿಲ್ಲಿಸಿ, ತಲೆ ಒಂದು ಕಡೆಗೆ ವಾಲಿಸಿ, ಅವಳ ಕಾಲು ಕಲ್ಲಿಗೆ ತಾಗುವ ಒಂದೊಂದು ಸದ್ದನ್ನೂ ಕೇಳುತ್ತ ಕೂಡುತ್ತಾರೆ.